ಕಡಲಿಗೆ ಹೋಗಿ ಒಂಟೆ ನೋಡಿ ಬರಬೇಡಿ

ಶಾಮನೂರು, ದಾವಣಗೆರೆ, ಹರಿಹರದ ಕಡೆಯಿಂದ ಕಡಲಿಗೆ ಹೊರಡುವ ಕುಟುಂಬಗಳ ಪ್ರವಾಸಕ್ಕೆ ಒಂದು ಸಿದ್ಧ ಅಚ್ಚಿದೆ. ಶನಿವಾರ ರಾತ್ರಿ ಊಟ ಮುಗಿಸಿ ಟಿಟಿ ಹತ್ತುವುದು, ಬೆಳಿಗ್ಗೆ ಜೋಗದಲ್ಲಿ ಫೋಟೊ, ಘಟ್ಟದ ತಿರುವಿನಲ್ಲಿ ಇಬ್ಬರಿಗಾದರೂ ವಾಂತಿ, ಸುಡುವ ಹನ್ನೆರಡು ಗಂಟೆಗೆ ಮುರ್ಡೇಶ್ವರ. ದೇವರ ದರ್ಶನ, ಎರಡು ತಾಸು ನೀರಾಟ, ಸಂಜೆ ವಾಪಸ್. ದಾರಿಯುದ್ದಕ್ಕೂ ಡಾಲ್ಫಿನ್ ಡಾಲ್ಫಿನ್ ಎನ್ನುತ್ತಿದ್ದ ಮಕ್ಕಳು ಕೊನೆಗೆ ನೋಡಿದ್ದು ಮರಳಿನ ಮೇಲೆ ಸವಾರಿಗೆ ನಿಂತ ಒಂಟೆಯನ್ನು. ‘ಅಲ್ಲಿ ಏನೂ ಇರಲಿಲ್ಲ’ ಎಂದು ಸೋಮವಾರ ಶಾಲೆಯಲ್ಲಿ ವರದಿಯಾಗುತ್ತದೆ.

ಇತ್ತು. ನೀವು ಹೋದ ಹೊತ್ತಿಗೆ ಇರಲಿಲ್ಲ, ಅಷ್ಟೆ. ಕಾರವಾರದಿಂದ ಭಟ್ಕಳದವರೆಗಿನ ದಡದಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆ, ನದಿಬಾಯಿಗಳಲ್ಲಿ ಡಾಲ್ಫಿನ್ ಬೇಟೆಯಾಡುತ್ತದೆ, ನೇತ್ರಾಣಿ ದ್ವೀಪದ ಸುತ್ತ ಹವಳದ ಬಂಡೆಗಳಿವೆ. ಕುಮಟಾದ ಬಳಿ ಅಘನಾಶಿನಿ ಸಮುದ್ರ ಸೇರುವ ಅಳಿವೆಗೆ 2024ರಲ್ಲಿ ಜೌಗುಭೂಮಿಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ತೀರದ ಸಮುದ್ರವನ್ನು ರಾಜ್ಯದ ಮೊದಲ ಸಾಗರ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ದಾವಣಗೆರೆಯಿಂದ ಇದೆಲ್ಲ ಇನ್ನೂರೈವತ್ತು ಕಿಲೋಮೀಟರ್ ಆಸುಪಾಸು. ದೂರ ದೊಡ್ಡ ಸಮಸ್ಯೆಯಲ್ಲ, ಹೊತ್ತಿನದೇ ಸಮಸ್ಯೆ.

ಮಧ್ಯಾಹ್ನ ಯಾಕೆ ಏನೂ ಕಾಣುವುದಿಲ್ಲ

ಕಡಲಿನ ದಿನಚರಿ ನಡೆಯುವುದು ಗಾಳಿ ಮತ್ತು ಉಬ್ಬರವಿಳಿತದ ಮೇಲೆ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ರಾತ್ರಿಯಿಂದ ಮುಂಜಾನೆಯವರೆಗೆ ನೆಲದ ಕಡೆಯಿಂದ ಸಮುದ್ರಕ್ಕೆ ತೆಳುಗಾಳಿ ಬೀಸುತ್ತದೆ, ನೀರು ಮಟ್ಟಸವಾಗಿರುತ್ತದೆ. ಬಿಸಿಲೇರಿ ನೆಲ ಕಾಯುತ್ತಿದ್ದಂತೆ ಗಾಳಿ ತಿರುಗಿ ಸಮುದ್ರದಿಂದ ದಡಕ್ಕೆ ಬೀಸುತ್ತದೆ. ಅಲೆಗಳ ನೆತ್ತಿ ಒಡೆದು ಎಲ್ಲೆಲ್ಲೂ ಬಿಳಿ ನೊರೆ. ಡಾಲ್ಫಿನ್ ಉಸಿರಿಗೆಂದು ಮೇಲೆ ಬಂದಾಗ ಕಾಣುವುದು ಬೆನ್ನಿನ ಒಂದಿಷ್ಟು ಭಾಗ, ಅದೂ ಎರಡು ಕ್ಷಣ. ನೊರೆಯ ನಡುವೆ ಅದನ್ನು ಗುರುತಿಸುವುದು ಅನುಭವಿ ಮೀನುಗಾರನಿಗೇ ಕಷ್ಟ.

ಎರಡನೆಯದು ಉಬ್ಬರವಿಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ; ಇಂದು ಆರಕ್ಕೆ ಇಳಿತವಿದ್ದರೆ ನಾಳೆ ಏಳರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಬಂಡೆಯ ಕುಳಿಗಳಲ್ಲಿರುವ ಏಡಿ, ಶಂಖದ ಹುಳು, ಕಡಲ ಹೂವು ಕಾಣುವುದು ಇಳಿತದಲ್ಲಿ. ಏರುವ ನೀರಿನ ಜೊತೆ ಮೀನು ಅಳಿವೆಯೊಳಕ್ಕೆ ನುಗ್ಗುತ್ತದೆ, ಮೀನಿನ ಹಿಂದೆ ಡಾಲ್ಫಿನ್ ಬರುತ್ತದೆ. ಮರಳಿನ ಏಡಿಗಳಂತೂ ಬಿಸಿಲು ಇಳಿದ ಮೇಲೆಯೇ ಬಿಲ ಬಿಟ್ಟು ಈಚೆ ಬರುವುದು. ಹನ್ನೆರಡರ ಬಿಸಿಲಿಗೆ ಹೊರಗೆ ಓಡಾಡುವ ಪ್ರಾಣಿ ಪ್ರವಾಸಿಗ ಮಾತ್ರ.

ಯಾವ ರಜೆಗೆ ಏನು

ದಸರಾ ರಜೆಯಲ್ಲಿ ಸಮುದ್ರ ಆಗಷ್ಟೇ ತಣಿಯುತ್ತಿರುತ್ತದೆ. ವಲಸೆ ಕಡಲಕ್ಕಿಗಳು ಬರತೊಡಗುತ್ತವೆ, ದೋಣಿಗಳು ಶುರುವಾಗುತ್ತವೆ. ಆದರೆ ನೀರು ಇನ್ನೂ ಕದಡಿರುವ ಸಾಧ್ಯತೆ ಇರುವುದರಿಂದ ಡೈವಿಂಗ್ ಆಸೆ ಇಟ್ಟುಕೊಳ್ಳಬೇಡಿ.

ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಉತ್ತಮ: ಡಾಲ್ಫಿನ್, ಹಕ್ಕಿ, ತಿಳಿನೀರು, ಆಮೆ ಮೊಟ್ಟೆಯಿಡುವ ಕಾಲ. ಸಂಕ್ರಾಂತಿ, ಗಣರಾಜ್ಯೋತ್ಸವದ ಜೊತೆ ವಾರಾಂತ್ಯ ಕೂಡಿಬಂದರೆ ಬಿಡಬೇಡಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಮಾತ್ರ ದೂರವಿಡಿ. ಗೋಕರ್ಣ, ಮುರ್ಡೇಶ್ವರದಲ್ಲಿ ಮರಳಿಗಿಂತ ಜನ ಹೆಚ್ಚು.

ಏಪ್ರಿಲ್ ರಜೆಗೆ ಸೆಕೆ ವಿಪರೀತ. ಆದರೂ ಮಾರ್ಚ್‌ನಿಂದ ಏಪ್ರಿಲ್ ಮೊದಲ ಭಾಗದವರೆಗೆ ಆಮೆಮರಿಗಳು ಹೊರಬರುವ ಸಂಭವವಿದೆ. ಮಕ್ಕಳ ಪರೀಕ್ಷೆ ಮುಗಿದ ಮರುದಿನವೇ ಹೊರಡುವವರಿಗೆ ಇದೊಂದು ಲಾಭ.

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜಾರಿದ್ದನ್ನು ಯಾರೂ ಮರೆತಿರಲಾರರು.

ಹೊರಡುವ ಮೊದಲು, ಹೊರಟ ಮೇಲೆ

1. ಎರಡು ರಾತ್ರಿ ಇರಿ. ಒಂದು ದಿನದ ಪ್ರವಾಸದಲ್ಲಿ ನಿಮಗೆ ಸಿಗುವುದು ಒಂದು ಮಧ್ಯಾಹ್ನ, ಎರಡು ರಾತ್ರಿ ತಂಗಿದರೆ ಎರಡು ಮುಂಜಾನೆ.

2. ಒಂದೇ ಊರಿನಲ್ಲಿ ಬಿಡಾರ ಹೂಡಿ. ನನ್ನ ಆಯ್ಕೆ ಹೊನ್ನಾವರ. ಶರಾವತಿಯ ಅಳಿವೆ, ಕಾಂಡ್ಲ (ಮ್ಯಾಂಗ್ರೋವ್) ವನ, ಕಾಸರಕೋಡ, ಅಪ್ಸರಕೊಂಡ ಎಲ್ಲ ಪಕ್ಕದಲ್ಲೇ; ಮುರ್ಡೇಶ್ವರ, ಕುಮಟಾ ಎರಡೂ ಹೆಚ್ಚೆಂದರೆ ಮುಕ್ಕಾಲು ಗಂಟೆ. ಕಾಸರಕೋಡದ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇರುವ ಬೀಚ್ ಅಜ್ಜ-ಅಜ್ಜಿ ಕೂಸುಮರಿ ಜೊತೆ ಹೋದವರಿಗೆ ಎಷ್ಟು ನೆಮ್ಮದಿ ಎಂಬುದನ್ನು ಹೋದವರೇ ಬಲ್ಲರು. ಸಸ್ಯಾಹಾರಿ ಊಟಕ್ಕೂ ತೊಂದರೆಯಿಲ್ಲ.

3. ರಾತ್ರಿ ಪ್ರಯಾಣ ಬಿಡಿ, ಬೆಳಗಿನ ಜಾವ ಐದಕ್ಕೆ ಹೊರಡಿ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ದಾಟಿ ಶಿವಮೊಗ್ಗ, ಅಲ್ಲಿಂದ ಸಾಗರ, ಗೇರುಸೊಪ್ಪೆ ಘಟ್ಟ, ಹೊನ್ನಾವರ. ಈ ಘಟ್ಟದ ಇಕ್ಕೆಲದ ಕಾಡು ಸಿಂಗಳೀಕಗಳ ನೆಲೆ. ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಅದರದೇ ಹೆಸರು. ಮುಖದ ಸುತ್ತ ಬೂದು ಕೇಸರ, ಉಳಿದಂತೆ ಕಡುಗಪ್ಪು. ಹಗಲಲ್ಲಿ ನಿಧಾನವಾಗಿ ಇಳಿದರೆ ಮರದ ನೆತ್ತಿಯಲ್ಲಿ ಕಾಣುವ ಅವಕಾಶವಿದೆ. ರಾತ್ರಿ ಇಳಿದರೆ ರಸ್ತೆಗೆ ಅಡ್ಡಬರುವ ಪ್ರಾಣಿಗೆ ಡಿಕ್ಕಿ ಹೊಡೆಯುವ ಅಪಾಯ ಮಾತ್ರ. ಹಾವೇರಿ–ಶಿರಸಿ–ದೇವಿಮನೆ ಘಟ್ಟದ ದಾರಿ ಹತ್ತಿರವಾದರೂ ರಸ್ತೆ ಕೆಲಸಕ್ಕಾಗಿ ಆಗಾಗ ಮುಚ್ಚಿದ್ದಿದೆ. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ.

4. ಉಬ್ಬರವಿಳಿತದ ವೇಳೆ ತಿಳಿದುಕೊಳ್ಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಬ್ಬರದ ವೇಳಾಪಟ್ಟಿಯನ್ನೂ ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನೂ ಕೊಡುತ್ತದೆ. ಅದಕ್ಕಿಂತ ಸುಲಭ, ಬಲೆ ಸರಿಮಾಡುತ್ತ ಕುಳಿತವರ ಹತ್ತಿರ ‘ನೀರು ಯಾವಾಗ ಇಳೀತದೆ?’ ಎಂದು ಕೇಳುವುದು.

5. ಬೈನಾಕ್ಯುಲರ್ ಇದ್ದರೆ ಮೊದಲೇ ಮಕ್ಕಳ ಕೈಗೆ ಕೊಟ್ಟು ಕುಂದವಾಡ ಕೆರೆಯಲ್ಲೋ ಕೊಂಡಜ್ಜಿಯಲ್ಲೋ ಒಂದು ಬೆಳಿಗ್ಗೆ ಅಭ್ಯಾಸ ಮಾಡಿಸಿ. ತೇಲುವ ಹಕ್ಕಿಯನ್ನು ಕನ್ನಡಿಯೊಳಕ್ಕೆ ತರಲು ಬಾರದ ಮಗುವಿಗೆ ಮುಳುಗೇಳುವ ಡಾಲ್ಫಿನ್ ಸಿಗುವುದಿಲ್ಲ. ಸಿಗದ ಮಗು ಅಳುತ್ತದೆ, ಮುಂಜಾನೆ ಮುಗಿಯಿತು.

ಕಡಲಾಮೆ: ನೀವು ಹುಡುಕಬೇಡಿ, ಕೇಳಿ

ನಮ್ಮ ದಡಕ್ಕೆ ಬರುವುದು ಮುಖ್ಯವಾಗಿ ಆಲಿವ್ ರಿಡ್ಲಿ ಆಮೆ. ಎರಡು ಅಡಿಗೂ ಮಿಕ್ಕಿದ ಚಿಪ್ಪು, ನಲವತ್ತು ಕಿಲೋ ಆಸುಪಾಸಿನ ತೂಕ. ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು, ಹಿಂಗಾಲುಗಳಿಂದ ಮರಳು ತೋಡಿ, ನೂರಕ್ಕೂ ಹೆಚ್ಚು ಮೊಟ್ಟೆಯಿಟ್ಟು, ಗುಂಡಿ ಮುಚ್ಚಿ ಮರಳುತ್ತದೆ. ಕೆಲಸವೆಲ್ಲ ಒಂದು ಗಂಟೆಯಷ್ಟು. ಆಮೇಲೆ ತಾಯಿಯ ಆರೈಕೆ ಇಲ್ಲ, ಕಾವು ಕೊಡುವುದು ಬಿಸಿಮರಳು. 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ. ಗೂಡಿನ ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣುಮರಿಗಳು, ತಣ್ಣಗಿದ್ದರೆ ಗಂಡುಮರಿಗಳು ಜಾಸ್ತಿ. ಈ ಸಂಗತಿ ಕೇಳಿದರೆ ಹೈಸ್ಕೂಲಿನ ಮಕ್ಕಳು ಮೊಬೈಲಿನಿಂದ ತಲೆ ಎತ್ತುತ್ತಾರೆ.

ಹೊನ್ನಾವರದ ಕಾಸರಕೋಡ ಟೊಂಕ, ಕಾರವಾರ, ಅಂಕೋಲಾ, ದಕ್ಷಿಣಕ್ಕೆ ಕುಂದಾಪುರದ ದಡಗಳಲ್ಲಿ ಗೂಡುಗಳು ಸಿಗುತ್ತವೆ. ಗೂಡು ಮೊದಲು ಕಣ್ಣಿಗೆ ಬೀಳುವುದು ಬಹುತೇಕ ಅಲ್ಲಿನ ಮೀನುಗಾರರಿಗೆ. ಅವರು ಹೇಳಿದ ಮೇಲೆ ಅರಣ್ಯ ಇಲಾಖೆ ಸುತ್ತ ಬಲೆಬೇಲಿ ಹಾಕಿ ದಿನಾಂಕ ಬರೆದಿಡುತ್ತದೆ. ಆ ದಿನಾಂಕವೇ ನಿಮ್ಮ ಕೀಲಿ. ಊರಿನಿಂದ ಹೊರಡುವ ಮೊದಲೇ ಹೊನ್ನಾವರದ ಅರಣ್ಯ ಇಲಾಖೆ ಕಚೇರಿಗೆ ಫೋನ್ ಮಾಡಿ, ‘ಈ ವಾರ ಮರಿ ಬಿಡುವ ಕಾರ್ಯಕ್ರಮ ಇದೆಯೇ, ಸಾರ್ವಜನಿಕರು ಬರಬಹುದೇ?’ ಎಂದು ವಿಚಾರಿಸಿ. ಇದ್ದರೆ ಅದಕ್ಕೆ ತಕ್ಕಂತೆ ಪ್ರವಾಸ ಹೊಂದಿಸಿ. ಟಾರ್ಚ್ ಹಿಡಿದು ರಾತ್ರಿಯಿಡೀ ದಡ ಅಲೆಯುವುದಕ್ಕಿಂತ ಈ ಒಂದು ಫೋನ್ ಕರೆಯ ಫಲ ದೊಡ್ಡದು.

ಮರಿ ಬಿಡುವುದನ್ನು ನೋಡಲು ಸಿಕ್ಕರೆ ಕೆಲವು ಮಾತು ನೆನಪಿಡಿ. ಮರಿಗಳು ಗೂಡಿನಿಂದ ಎದ್ದಾಗ ಬೆಳಕಿರುವ ದಿಗಂತದ ಕಡೆ ಓಡುತ್ತವೆ. ಕತ್ತಲ ರಾತ್ರಿಯಲ್ಲಿ ಆ ಬೆಳಕು ಸಮುದ್ರದ್ದು. ನಿಮ್ಮ ಮೊಬೈಲ್ ಟಾರ್ಚ್ ಹಿಂದಿನಿಂದ ಹೊತ್ತಿದರೆ ಅವು ತಿರುಗಿ ನಿಮ್ಮ ಕಡೆಗೇ ಬರುತ್ತವೆ. ಹೀಗೆ ದಾರಿತಪ್ಪಿದ ಮರಿಗಳು ಬೆಳಗಾಗುವುದರೊಳಗೆ ಕಾಗೆ, ನಾಯಿ, ಏಡಿಗಳ ಪಾಲು. ಬೆಳಕು ಬೇಕೇಬೇಕಾದರೆ ಟಾರ್ಚಿಗೆ ಕೆಂಪು ಕಾಗದ ಕಟ್ಟಿ ನೆಲಕ್ಕೆ ಹಿಡಿಯಿರಿ, ಕೆಂಪು ಬೆಳಕು ಆಮೆಗಳ ಕಣ್ಣಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಮರಿಯನ್ನು ಎತ್ತಿ ನೀರಿಗೆ ಬಿಡುವುದು ಪುಣ್ಯದ ಕೆಲಸವೆಂದು ಅನೇಕರು ಭಾವಿಸಿದ್ದಾರೆ. ದಯವಿಟ್ಟು ಬೇಡ. ಮರಳಿನ ಮೇಲಿನ ಆ ನಡಿಗೆ ಅದಕ್ಕೆ ದಿಕ್ಕು ಹಿಡಿಯಲು ಬೇಕು.

ಬೆಳಗಿನ ನಡಿಗೆಯಲ್ಲಿ ಅಲೆಯಿಂದ ಒಣಮರಳಿನವರೆಗೆ ಹೋಗಿ ಮತ್ತೆ ಅಲೆಗೆ ಇಳಿದ, ಟ್ರ್ಯಾಕ್ಟರ್ ಗಾಲಿಯ ಜಾಡಿನಂಥ ಗುರುತು ಕಂಡರೆ ಹೆಜ್ಜೆ ಅಲ್ಲೇ ನಿಲ್ಲಿಸಿ. ಜಾಡು ತುಳಿಯಬೇಡಿ, ಮರಳು ಕೆದಕಬೇಡಿ; ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ಮೀನುಗಾರರಿಗೆ ತಿಳಿಸಿ. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯಿದೆ, ಹುಲಿಗೆ ಇರುವಷ್ಟೇ. ಮೊಟ್ಟೆ ಮುಟ್ಟಿದರೂ ಅಪರಾಧ.

ಡಾಲ್ಫಿನ್: ಎಂಜಿನ್ ಆರಿಸುವ ದೋಣಿಯವರನ್ನು ಹುಡುಕಿ

ಇಲ್ಲಿ ದಡದ ಹತ್ತಿರ ಕಾಣುವುದು ಬೆನ್ನ ಮೇಲೆ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್. ಟಿವಿಯಲ್ಲಿ ನೋಡಿದ ಹಾಗೆ ಬಳೆಯೊಳಗೆ ಹಾರುವ ಜಾತಿಯಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿ. ಆಳ ಸಮುದ್ರಕ್ಕೆ ಹೋಗದೆ ನದಿಬಾಯಿಯ ಆಸುಪಾಸಿನಲ್ಲೇ ಬದುಕುವ ಕಾರಣ ಅದಕ್ಕೆ ಬಲೆ, ದೋಣಿ, ಕೊಳಕು ನೀರು ಎಲ್ಲದರ ಕಾಟ; ಜಗತ್ತಿನಲ್ಲೇ ಅಪಾಯದಂಚಿಗೆ ಬಂದಿರುವ ಜಾತಿ. ನಮಗೆ ಮಾತ್ರ ಅದೇ ಕಾರಣಕ್ಕೆ ಸುಲಭವಾಗಿ ಕಾಣಸಿಗುತ್ತದೆ. ಕಾರವಾರದಲ್ಲಿ ಕಾಳಿ ನದಿಬಾಯಿ, ದೇವಬಾಗದ ಕಡೆ, ಗೋಕರ್ಣ, ಹೊನ್ನಾವರದ ಅಳಿವೆ ಇವು ಹೆಸರಾದ ತಾಣಗಳು.

ಬೆಳಿಗ್ಗೆ ಏಳಕ್ಕೆ ಮೊದಲೇ ದೋಣಿ ಹತ್ತಿ. ಹತ್ತುವ ಮೊದಲು ದರದ ಜೊತೆ ಇನ್ನೊಂದು ಒಪ್ಪಂದವನ್ನೂ ಮಾಡಿಕೊಳ್ಳಿ: ಗುಂಪು ಕಂಡ ಕೂಡಲೇ ವೇಗ ಇಳಿಸಬೇಕು, ಐವತ್ತು ಮೀಟರ್ ದೂರದಲ್ಲೇ ಎಂಜಿನ್ ಆರಿಸಬೇಕು, ಬೆನ್ನಟ್ಟಬಾರದು. ಡಾಲ್ಫಿನ್ ಮೀನು ಹುಡುಕುವುದೂ ಮರಿಯನ್ನು ಕರೆಯುವುದೂ ಶಬ್ದದಿಂದ. ಎಂಜಿನ್ ಅಬ್ಬರದಲ್ಲಿ ಅದು ಬೇಟೆ ಬಿಟ್ಟು ದೂರ ಸರಿಯುತ್ತದೆ. ಎಂಜಿನ್ ಆರಿಸಿ ಕಾಯುವ ದೋಣಿಯ ಬಳಿಗೆ ಕೆಲವೊಮ್ಮೆ ತಾನೇ ಬಂದು ಫುಸ್ಸೆಂದು ಉಸಿರು ಬಿಡುತ್ತದೆ. ಆ ಸದ್ದು ಕೇಳಲು ದೋಣಿಯಲ್ಲಿ ಕಿರುಚಾಟ ಇರಬಾರದು. ನಮ್ಮ ಕಡೆಯ ಕುಟುಂಬಗಳಿಗೆ ಇದೇ ಅತಿ ಕಠಿಣ ನಿಯಮ.

ನೋಡುವ ಬಗೆ ಹೀಗೆ: ಕಂಡ ಜಾಗವನ್ನೇ ದಿಟ್ಟಿಸಬೇಡಿ. ಮುಳುಗಿದ ಡಾಲ್ಫಿನ್ ಒಂದೆರಡು ನಿಮಿಷ ನೀರೊಳಗೇ ಈಜಿ ಬೇರೆಡೆ ಏಳುತ್ತದೆ. ದೋಣಿಯಲ್ಲಿರುವವರು ದಿಕ್ಕು ಹಂಚಿಕೊಳ್ಳಿ: ಅಪ್ಪ ಎಡಕ್ಕೆ, ಅಮ್ಮ ಬಲಕ್ಕೆ, ಮಕ್ಕಳು ಮುಂದೆ. ನೀರಿನ ಮೇಲೆ ಕಡಲಕ್ಕಿಗಳು ಒಂದೇ ಕಡೆ ಧುಮುಕುತ್ತಿದ್ದರೆ ಅಲ್ಲಿ ಮೀನಿನ ಹಿಂಡಿದೆ ಎಂದರ್ಥ. ಡಾಲ್ಫಿನ್‌ಗೂ ಅದು ಗೊತ್ತು. ದೋಣಿಯ ಭಯವಿರುವ ಅಜ್ಜಿಯನ್ನು ಬಲವಂತ ಮಾಡಬೇಡಿ. ಅಪ್ಸರಕೊಂಡದ ಗುಡ್ಡದ ಮೇಲಿಂದ, ತಿಳಿ ಬೆಳಗಿನಲ್ಲಿ, ಬೈನಾಕ್ಯುಲರ್ ಹಿಡಿದು ಕುಳಿತರೆ ಅವರಿಗೇ ಮೊದಲು ಕಾಣಬಹುದು.

ಕಾಂಡ್ಲ ವನ

ಹೊನ್ನಾವರದ ಬಳಿ ಶರಾವತಿಯ ಅಳಿವೆಯ ಹಿನ್ನೀರಿನಲ್ಲಿ ಮ್ಯಾಂಗ್ರೋವ್ ಕಾಡಿನ ನಡುವೆ ಮರದ ಕಾಲುದಾರಿ ಮಾಡಿದ್ದಾರೆ. ಉಪ್ಪು ಕೆಸರಿನೊಳಗೆ ಗಾಳಿಯಾಡದ ಕಾರಣ ಈ ಗಿಡಗಳು ಬೇರನ್ನೇ ಮೇಲಕ್ಕೆತ್ತಿ ಉಸಿರಾಡುತ್ತವೆ. ನೀರು ಇಳಿದಾಗ ಹೋಗಿ, ಐದು ನಿಮಿಷ ಅಲ್ಲಾಡದೆ ನಿಲ್ಲಿ. ಮೊದಲಿಗೆ ಖಾಲಿ ಕೆಸರು. ಆಮೇಲೆ ಒಂದೇ ಕೈ ದೊಡ್ಡದಾಗಿರುವ ಗಂಡು ಏಡಿಗಳು ಬಿಲದಿಂದ ಬಂದು ಆ ಕೈ ಬೀಸತೊಡಗುತ್ತವೆ, ರೆಕ್ಕೆಯನ್ನೇ ಕಾಲು ಮಾಡಿಕೊಂಡ ಮಡ್‌ಸ್ಕಿಪ್ಪರ್ ಮೀನು ಕೆಸರಿನ ಮೇಲೆ ಕುಪ್ಪಳಿಸುತ್ತದೆ. ನಾಲ್ಕೈದು ವರ್ಷದ ಮಕ್ಕಳಿಗೆ ಡಾಲ್ಫಿನ್‌ಗಿಂತ ಇದೇ ಹೆಚ್ಚು ಹಿಡಿಸುತ್ತದೆ, ಹತ್ತಿರದಲ್ಲಿ ಕಾಣುತ್ತದಲ್ಲ. ಸೊಳ್ಳೆ ಮುಲಾಮು ಮರೆಯಬೇಡಿ.

ನೇತ್ರಾಣಿಗೆ ಹೋಗುವವರಿಗೆ

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಸುತ್ತ ಚಿಟ್ಟೆಮೀನು, ಗಿಳಿಮೀನು, ಹವಳ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು. ಈಜು ಬಾರದವರನ್ನೂ ತರಬೇತುದಾರರು ಜೊತೆಗೇ ಇಳಿಸುತ್ತಾರೆ. ಸಾಮಾನ್ಯವಾಗಿ 10 ವರ್ಷ ತುಂಬಿದವರಿಗೆ ಮಾತ್ರ ಅವಕಾಶ. ಆಸ್ತಮಾ, ಕಿವಿಯ ತೊಂದರೆ, ಹೃದಯದ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮೂಗು ಕಟ್ಟಿದ್ದರೂ ಇಳಿಯಬೇಡಿ, ಕಿವಿಯ ಒತ್ತಡ ಸರಿಹೋಗುವುದಿಲ್ಲ. ದೋಣಿ ಬಹಳ ಓಲಾಡುತ್ತದೆ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಹತ್ತುವ ಅರ್ಧ ಗಂಟೆ ಮೊದಲೇ ನುಂಗಿ, ಹಿಂದಿನ ರಾತ್ರಿ ಮಿರ್ಚಿಯ ಗೋಜಿಗೆ ಹೋಗಬೇಡಿ.

ಬಯಲುಸೀಮೆಯವರಿಗೆಂದೇ ಒಂದು ಎಚ್ಚರಿಕೆ ಇದೆ. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ಹೆಚ್ಚುವರಿ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ಅದು ಹೊರಹೋಗಲು ಹೊತ್ತು ಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕಡಿಮೆಯಾಗಿ ಗುಳ್ಳೆಗಳಾಗಿ ಕೀಲುನೋವು, ತಲೆಸುತ್ತು, ಅದಕ್ಕಿಂತ ದೊಡ್ಡ ಅಪಾಯವೂ ಆಗಬಹುದು. ವಿಮಾನದ ವಿಷಯದಲ್ಲಿ ಇದನ್ನು ಎಲ್ಲರೂ ಹೇಳುತ್ತಾರೆ, ಘಟ್ಟದ ವಿಷಯ ಹೇಳುವವರು ಕಡಿಮೆ. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಡೈವ್, ಮಧ್ಯಾಹ್ನ ಘಟ್ಟ ಎಂಬ ಯೋಜನೆ ಬೇಡ. ಡೈವ್ ಮೊದಲ ಬೆಳಿಗ್ಗೆಗೆ ಇಟ್ಟುಕೊಂಡು, ಆ ರಾತ್ರಿ ಕೆಳಗೇ ಮಲಗಿ.

ಸಾಮಾನ್ಯ ತಪ್ಪುಗಳು

ಮಂಡಕ್ಕಿ ಎರಚುವುದು. ನಮ್ಮೂರಿನವರ ಗಾಡಿಯಲ್ಲಿ ಮಂಡಕ್ಕಿ ಇಲ್ಲದಿರುವುದಿಲ್ಲ; ಅದು ನಿಮಗಿರಲಿ. ಘಟ್ಟದಲ್ಲಿ ಕೋತಿಗೆ ಎಸೆದರೆ ಅದು ರಸ್ತೆಬದಿಗೆ ಬಂದು ಕೂರಲು ಕಲಿಯುತ್ತದೆ, ಗಾಲಿಗೆ ಸಿಗುತ್ತದೆ.

ಜೀವವಿರುವ ಶಂಖ ಚೀಲಕ್ಕೆ ಹಾಕುವುದು. ಶಂಖದೊಳಗೆ ಹುಳುವೋ ಏಡಿಯೋ ಇದ್ದರೆ ಅದು ಅದರ ಮನೆ, ಎರಡೇ ದಿನಕ್ಕೆ ನಿಮ್ಮ ಮನೆ ನಾರುತ್ತದೆ. ಕೆಲವು ಜಾತಿಯ ಶಂಖಗಳಿಗೆ ಕಾನೂನಿನ ರಕ್ಷಣೆಯೂ ಇದೆ. ಕೋನ್ ಆಕಾರದ, ಚಂದದ ಚಿತ್ತಾರದ ಶಂಖ ಮಾತ್ರ ಮುಟ್ಟಲೇಬೇಡಿ. ಅದರೊಳಗಿನ ಜೀವಿ ವಿಷದ ಮುಳ್ಳು ಚುಚ್ಚುತ್ತದೆ.

ಬಲೆಯಿಂದ ಬಿದ್ದ ಹಾವನ್ನು ಸತ್ತಿದೆಯೆಂದು ಕೋಲಿನಿಂದ ಎತ್ತುವುದು. ಕಡಲ ಹಾವು ನಿಧಾನಿ, ಆದರೆ ಕಡುವಿಷದ್ದು.

ಜೆಲ್ಲಿಫಿಶ್ ತಗುಲಿದಾಗ ಮರಳಿನಿಂದ ಉಜ್ಜುವುದು ಅಥವಾ ಬಾಟಲಿ ನೀರು ಸುರಿಯುವುದು. ಎರಡರಿಂದಲೂ ಚರ್ಮಕ್ಕೆ ಅಂಟಿದ ವಿಷಕೋಶಗಳು ಇನ್ನಷ್ಟು ಸಿಡಿಯುತ್ತವೆ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಕೈಗವಸು ಹಾಕಿಕೊಂಡು ತೆಗೆದು, ತಡೆಯುವಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು ಇಡಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ.

ನೀರಿಗಿಳಿಯುವ ಮೊದಲು

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ತುಂಗಭದ್ರೆಯಲ್ಲಿ ಈಜು ಕಲಿತವರಿಗೂ ಸಮುದ್ರದ ಸೆಳೆತ ಹೊಸದು. ದಡಕ್ಕೆ ಬಂದ ನೀರು ವಾಪಸ್ ಹೋಗಲು ಒಂದು ಕಾಲುವೆ ಮಾಡಿಕೊಳ್ಳುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ. ಅಲೆ ಕಡಿಮೆ ಎಂದು ಮಕ್ಕಳನ್ನು ಆಡಲು ಬಿಡುವುದು ಸರಿಯಾಗಿ ಅದೇ ಜಾಗದಲ್ಲಿ. ಸಿಕ್ಕಿಕೊಂಡರೆ ದಡದ ಕಡೆ ಎದುರೀಜಬೇಡಿ, ಸುಸ್ತಾಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ದಾಟಿ, ಅಥವಾ ತೇಲುತ್ತ ಕೈಯೆತ್ತಿ ಕರೆಯಿರಿ. ಕೆಂಪು ಬಾವುಟವಿದ್ದರೆ ಮೊಣಕಾಲು ಮಟ್ಟಕ್ಕೂ ಬೇಡ. ದೋಣಿಯಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲವೆಂದರೆ ಆ ದೋಣಿ ಬಿಟ್ಟುಬಿಡಿ. ದೊಡ್ಡವರದು ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ.

ತುರ್ತು ಸಂದರ್ಭಕ್ಕೆ 112, ಸಮುದ್ರದಲ್ಲಿ ಅವಘಡವಾದರೆ ಕರಾವಳಿ ರಕ್ಷಣಾ ಪಡೆಯ 1554. ದಡಕ್ಕೆ ಬಿದ್ದ ಜೀವಂತ ಡಾಲ್ಫಿನ್ ಕಂಡರೆ ಬಾಲ ಹಿಡಿದು ನೀರಿಗೆ ಎಳೆಯಬೇಡಿ. 1926ಕ್ಕೆ ತಿಳಿಸಿ, ಜನರನ್ನು ದೂರವಿಡಿ, ಒದ್ದೆ ಬಟ್ಟೆ ಹೊದಿಸಿ ನೆರಳು ಮಾಡಿ. ನೆತ್ತಿಯ ಮೇಲಿನ ಉಸಿರಿನ ರಂಧ್ರಕ್ಕೆ ನೀರೂ ಬಟ್ಟೆಯೂ ತಾಗದಂತೆ ಯಾರಾದರೊಬ್ಬರು ಅಲ್ಲೇ ನಿಂತು ನೋಡಿಕೊಳ್ಳಲಿ.